ಗರ್ಭಸ್ಥ ಶಿಶುವಿನ ಉಸಿರು ಮತ್ತು ಮನೆಯೊಳಗಿನ ಹಳೆಯ ವಿಷ

ಹಾನಗಲ್ಲ ತಾಲ್ಲೂಕಿನ ಮಲೆನಾಡ ಸೆರಗಿನಲ್ಲಿರುವ ನಮ್ಮ ಹಳ್ಳಿಗೆ, ನಾನು ಚಿಕ್ಕವನಿದ್ದಾಗ, ಖಾಕಿ ಬಟ್ಟೆಯ ಮಲೇರಿಯಾ ಸಿಬ್ಬಂದಿ ವರ್ಷಕ್ಕೆ ಎರಡು ಸಲ ಬರುತ್ತಿದ್ದರು. ಅವರು ಬರುವ ಸುದ್ದಿ ಹಿಂದಿನ ದಿನವೇ ಡಂಗುರದ ಮೂಲಕ ಊರಿಗೆಲ್ಲ ತಿಳಿಯುತ್ತಿತ್ತು. ಗಡಿಗೆ ಮಡಕೆ, ಹಾಸಿಗೆ, ರೊಟ್ಟಿಯ ಬುಟ್ಟಿಗಳೆಲ್ಲ ಅಂಗಳಕ್ಕೆ ಬರುತ್ತಿದ್ದವು. ಹೆಗಲಿಗೆ ಪಂಪು ಹಾಕಿಕೊಂಡ ಸಿಬ್ಬಂದಿಯವನು ನಡುಮನೆಯಿಂದ ಕೊಟ್ಟಿಗೆಯವರೆಗೆ ಎಲ್ಲ ಗೋಡೆಗಳಿಗೆ ಡಿ.ಡಿ.ಟಿ. ದ್ರಾವಣ ಸಿಂಪಡಿಸಿ, ಬಾಗಿಲ ಪಕ್ಕದಲ್ಲಿ ದಿನಾಂಕ ಬರೆದು ಮುಂದಿನ ಮನೆಗೆ ಹೋಗುತ್ತಿದ್ದನು. ಗೋಡೆ ಒಣಗಿದ ಮೇಲೆ ಬಿಳಿಯ ಪುಡಿ ಉಳಿಯುತ್ತಿತ್ತು. ನಾವು ಮಕ್ಕಳು ಆ ಪುಡಿಯ ಮೇಲೆ ಬೆರಳಿನಿಂದ ಚಿತ್ರ ಬರೆಯುತ್ತಿದ್ದೆವು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ನನ್ನ ಅಕ್ಕ ಅದೇ ಗೋಡೆಗೆ ಒರಗಿ ಕುಳಿತು ಕಾಳು ಆರಿಸುತ್ತಿದ್ದುದು ಈಗಲೂ ಕಣ್ಣ ಮುಂದಿದೆ.

ಆ ಬಿಳಿಯ ಪುಡಿಯನ್ನು ನಾನು ನಿಂದಿಸಲಾರೆ. ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡ ಹಾಗೂ ಧಾರವಾಡ ಜಿಲ್ಲೆಗಳಲ್ಲಿ 1946ರಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರ ರಾವ್ ಅವರು ಹಳ್ಳಿಹಳ್ಳಿಗಳ ಮನೆಗಳಿಗೆ ಡಿ.ಡಿ.ಟಿ. ಸಿಂಪಡಿಸುವ ದೊಡ್ಡ ಯೋಜನೆಯನ್ನು ಕೈಗೊಂಡರು. ಭಾರತದ ಗ್ರಾಮೀಣ ಮಲೇರಿಯಾ ನಿಯಂತ್ರಣಕ್ಕೆ ದಾರಿ ತೋರಿದ ಪ್ರಯತ್ನಗಳಲ್ಲಿ ಅದು ಮೊದಲ ಸಾಲಿನದು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, ಸುಮಾರು 8 ಲಕ್ಷ ಜನರು ಸಾಯುತ್ತಿದ್ದರು ಎಂಬುದು ಸರಕಾರದ ಅಂದಾಜು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ, 1960ರ ದಶಕದ ನಡುವಿಗೆ ರೋಗಿಗಳ ಸಂಖ್ಯೆ ಸುಮಾರು 1 ಲಕ್ಷಕ್ಕೆ ಇಳಿಯಿತು. ಚಳಿಜ್ವರಕ್ಕೆ ಹೆದರಿ ಜನರು ಬಿಟ್ಟುಹೋದ ಊರುಗಳು ಮತ್ತೆ ತುಂಬಿದವು. ನಾನು ಬದುಕಿ ವೈದ್ಯನಾಗಿರುವುದರಲ್ಲಿಯೂ ಆ ಪುಡಿಯ ಪಾಲು ಇದ್ದೀತು.

ಆದರೆ ಉಪಕಾರ ಮಾಡಿದ ವಸ್ತು ತನ್ನ ಕೆಲಸ ಮುಗಿದ ಮೇಲೆ ಹೊರಟುಹೋಗಲಿಲ್ಲ. ಅದು ಮಣ್ಣಿನಲ್ಲಿ, ಹಾಲಿನಲ್ಲಿ, ನಮ್ಮ ದೇಹದ ಮೇದಸ್ಸಿನಲ್ಲಿ ಉಳಿಯಿತು. ತಾಯಿಯ ದೇಹದಲ್ಲಿ ಹಾಗೆ ಉಳಿದುದು ಗರ್ಭದಲ್ಲಿರುವ ಮಗುವಿನ ಶ್ವಾಸಕೋಶಕ್ಕೆ ಏನು ಮಾಡಬಲ್ಲದು, ಅದಕ್ಕೆ ನಾವು ಏನು ಮಾಡಬಲ್ಲೆವು ಎಂಬುದನ್ನು ಶ್ರೀಮಠದ ಭಕ್ತಕುಟುಂಬಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಕಳೆಯದ ವಸ್ತುಗಳು

ನಾವು ಬಳಸುವ ಬಹುತೇಕ ವಸ್ತುಗಳು ಬಿಸಿಲು, ನೀರು, ಗಾಳಿ, ಸೂಕ್ಷ್ಮಜೀವಿಗಳ ಕೈಗೆ ಸಿಕ್ಕು ಕಾಲಕ್ರಮದಲ್ಲಿ ಒಡೆದು ಹೋಗುತ್ತವೆ. ಕೆಲವು ರಾಸಾಯನಿಕಗಳು ಮಾತ್ರ ಸುಲಭವಾಗಿ ಒಡೆಯುವುದಿಲ್ಲ. ಇಂಥವುಗಳಿಗೆ ‘ದೀರ್ಘಕಾಲ ಉಳಿಯುವ ಸಾವಯವ ಮಾಲಿನ್ಯಕಾರಕಗಳು’ ಎಂದು ಹೆಸರು. ಇಲ್ಲಿ ‘ಸಾವಯವ’ ಎಂದರೆ ಇಂಗಾಲದಿಂದ ರಚಿತವಾದವು ಎಂದಷ್ಟೇ ಅರ್ಥ. ಸಾವಯವ ಕೃಷಿಗೂ ಇದಕ್ಕೂ ಸಂಬಂಧವಿಲ್ಲ. ಡಿ.ಡಿ.ಟಿ., ನಮ್ಮ ಹಳ್ಳಿಗಳಲ್ಲಿ ಗಮಾಕ್ಸಿನ್ ಎಂದು ಮನೆಮಾತಾಗಿದ್ದ ಬಿ.ಎಚ್.ಸಿ. ಪುಡಿ, ಎಂಡೋಸಲ್ಫಾನ್, ವಿದ್ಯುತ್ ಪರಿವರ್ತಕಗಳ ಎಣ್ಣೆಯಲ್ಲಿ ಬಳಸುತ್ತಿದ್ದ ಪಿ.ಸಿ.ಬಿ.ಗಳು, ಪ್ಲಾಸ್ಟಿಕ್ ಮತ್ತು ಕಸ ಸುಟ್ಟಾಗ ಹುಟ್ಟುವ ಡಯಾಕ್ಸಿನ್‌ಗಳು ಈ ಕುಲಕ್ಕೆ ಸೇರಿದವು.

ಇವುಗಳಿಗೆ ಮೂರು ಸ್ವಭಾವಗಳಿವೆ. ಮೊದಲನೆಯದು, ಬಹುಕಾಲ ಉಳಿಯುವುದು. ಮಣ್ಣಿಗೆ ಬಿದ್ದ ಡಿ.ಡಿ.ಟಿ. ಅರ್ಧಕ್ಕೆ ಇಳಿಯಲು 2ರಿಂದ 15 ವರ್ಷ ಬೇಕಾಗಬಹುದು. ಎರಡನೆಯದು, ನೀರಿನಲ್ಲಿ ಕರಗದೆ ಕೊಬ್ಬಿನಲ್ಲಿ ಕರಗುವುದು. ಆದುದರಿಂದ ಮೂತ್ರದೊಡನೆ ಹೊರಹೋಗದೆ ದೇಹದ ಮೇದಸ್ಸಿನಲ್ಲಿ ಮನೆ ಮಾಡುತ್ತವೆ. ಮೂರನೆಯದು, ಮೆಟ್ಟಿಲು ಮೆಟ್ಟಿಲಾಗಿ ಏರುವುದು. ಹುಲ್ಲಿನಲ್ಲಿ ಸ್ವಲ್ಪ, ಹುಲ್ಲು ಮೇದ ಹಸುವಿನಲ್ಲಿ ಇನ್ನಷ್ಟು, ಹಾಲು ಕುಡಿದ ಮನುಷ್ಯನಲ್ಲಿ ಮತ್ತಷ್ಟು. ದೇಹದೊಳಗೆ ಡಿ.ಡಿ.ಟಿ. ನಿಧಾನವಾಗಿ ಡಿ.ಡಿ.ಇ. ಎಂಬ ರೂಪಕ್ಕೆ ತಿರುಗುತ್ತದೆ, ಆ ರೂಪ ಇನ್ನೂ ಗಟ್ಟಿಯಾದುದು. ಇಂದಿನ ತಾಯಿಯ ರಕ್ತದಲ್ಲಿ ಕಾಣುವ ಡಿ.ಡಿ.ಇ. ನಿನ್ನೆ ಮೊನ್ನೆ ಬಂದುದಲ್ಲ. ಆಕೆ ಬಾಲಕಿಯಾಗಿದ್ದಾಗ ಉಂಡುದು, ಉಸಿರಾಡಿದುದು, ಆಕೆಯ ತಾಯಿಯಿಂದಲೇ ಪಡೆದುದು ಎಲ್ಲವೂ ಅದರಲ್ಲಿ ಸೇರಿರುತ್ತದೆ.

ಈ ಕಾರಣದಿಂದಲೇ 2001ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಜಗತ್ತಿನ ರಾಷ್ಟ್ರಗಳು ಸೇರಿ ಮೊದಲಿಗೆ 12 ರಾಸಾಯನಿಕಗಳ ಮೇಲೆ ಒಪ್ಪಂದ ಮಾಡಿಕೊಂಡವು. ಅದು 2004ರಲ್ಲಿ ಜಾರಿಗೆ ಬಂದಿತು. ಭಾರತ 2006ರಲ್ಲಿ ಅದನ್ನು ಅನುಮೋದಿಸಿತು. ನಮ್ಮ ದೇಶದಲ್ಲಿ ಕೃಷಿಗೆ ಡಿ.ಡಿ.ಟಿ. ಬಳಕೆ 1989ರಲ್ಲಿ ನಿಂತಿತು. 1997ರಲ್ಲಿ ಬಿ.ಎಚ್.ಸಿ.ಗೆ ನಿಷೇಧ ಬಂದಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಎಂಡೋಸಲ್ಫಾನನ್ನು ತಡೆಯಿತು. ಮಲೇರಿಯಾದಂಥ ರೋಗಗಳ ತಡೆಗೆ ಮಾತ್ರ ಡಿ.ಡಿ.ಟಿ.ಗೆ ಒಪ್ಪಂದದಲ್ಲಿ ವಿನಾಯಿತಿ ಉಂಟು.

ಸುಶ್ರುತರು ಹೇಳಿದ ದೂಷೀವಿಷ

ಆಯುರ್ವೇದದ ವಿದ್ಯಾರ್ಥಿಯಾಗಿದ್ದಾಗ ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ‘ದೂಷೀವಿಷ’ದ ಪ್ರಕರಣ ಓದಿದ್ದೆ. ದೇಹದಿಂದ ಪೂರ್ತಿಯಾಗಿ ಹೊರಹೋಗದೆ ಉಳಿದ, ಬಲಗುಂದಿದ ವಿಷಕ್ಕೆ ಅಲ್ಲಿ ಆ ಹೆಸರು. ಅದು ಒಮ್ಮೆಗೇ ಕೊಲ್ಲುವುದಿಲ್ಲ, ಕಫದಿಂದ ಆವೃತವಾಗಿ ವರ್ಷಾನುಗಟ್ಟಲೆ ದೇಹದಲ್ಲಿ ಕುಳಿತಿರುತ್ತದೆ. ಕಾಲ, ದೇಶ, ಆಹಾರಗಳು ಪ್ರತಿಕೂಲವಾದಾಗ, ಶೀತಗಾಳಿಯ ಮೋಡ ಕವಿದ ದಿನಗಳಲ್ಲಿ, ಕೆರಳುತ್ತದೆ ಎಂಬುದು ಅಲ್ಲಿನ ಅಭಿಪ್ರಾಯ. ಪರೀಕ್ಷೆಗಾಗಿ ಅದನ್ನು ಕಂಠಪಾಠ ಮಾಡಿದೆನೇ ಹೊರತು, ನಮ್ಮ ಮನೆಯ ಗೋಡೆಯ ಬಿಳಿಯ ಪುಡಿಗೂ ಅದಕ್ಕೂ ಸಂಬಂಧ ಕಲ್ಪಿಸಿ ನೋಡಲಿಲ್ಲ.

ಸುಶ್ರುತರಿಗೆ ಡಿ.ಡಿ.ಟಿ. ಗೊತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಅದು 1874ರಲ್ಲಿ ಮೊದಲು ತಯಾರಾಗಿ, 1939ರಲ್ಲಿ ಸ್ವಿಟ್ಜರ್ಲೆಂಡಿನ ಪಾಲ್ ಮ್ಯೂಲರ್ ಅವರಿಂದ ಕೀಟನಾಶಕವೆಂದು ತಿಳಿದುಬಂದ ವಸ್ತು. ಪ್ರಾಚೀನರ ಗ್ರಂಥದಲ್ಲಿ ಆಧುನಿಕ ವಸ್ತುಗಳನ್ನು ಹುಡುಕಿ ತೆಗೆಯುವುದು ಅವರಿಗೆ ಸಲ್ಲಿಸುವ ಗೌರವವಲ್ಲ. ಅವರ ಗೌರವ ಇರುವುದು ಆಲೋಚನೆಯ ಕ್ರಮದಲ್ಲಿ: ವಿಷವೆಂದರೆ ಕುಡಿದ ಕೂಡಲೇ ಕೊಲ್ಲುವುದು ಮಾತ್ರವಲ್ಲ, ಅಲ್ಪಪ್ರಮಾಣದಲ್ಲಿ ಬಹುಕಾಲ ಉಳಿದು ಬಲಹೀನರನ್ನು ಕಾಡುವುದೂ ವಿಷವೇ. ಗರ್ಭಸ್ಥ ಶಿಶುವಿಗಿಂತ ಬಲಹೀನರು ಯಾರು?

ಮೆನೋರ್ಕಾ ದ್ವೀಪದ ಮಕ್ಕಳು

ಈ ಪ್ರಶ್ನೆಗೆ ಗಮನಾರ್ಹವಾದ ಉತ್ತರವೊಂದು ದೊರೆತುದು ಸ್ಪೇನ್ ದೇಶಕ್ಕೆ ಸೇರಿದ ಮೆನೋರ್ಕಾ ಎಂಬ ಪುಟ್ಟ ದ್ವೀಪದಲ್ಲಿ. ಮೆಡಿಟರೇನಿಯನ್ ಸಮುದ್ರದಲ್ಲಿರುವ ಈ ದ್ವೀಪವನ್ನು 1993ರಲ್ಲಿ ಯುನೆಸ್ಕೋ ಜೀವಗೋಳ ಮೀಸಲು ಪ್ರದೇಶವೆಂದು ಘೋಷಿಸಿತು. ಸ್ಥಳೀಯವಾಗಿ ಮಾಲಿನ್ಯದ ದೊಡ್ಡ ಮೂಲಗಳಿಲ್ಲದ ಊರು ಅದು. ಸ್ಪೇನಿನಲ್ಲಿ ಡಿ.ಡಿ.ಟಿ. ಬಳಕೆ 1970ರ ದಶಕದಲ್ಲಿಯೇ ನಿಂತಿತ್ತು.

ವೈದ್ಯ ವಿಜ್ಞಾನಿ ಜೋರ್ಡಿ ಸುನ್ಯೇರ್ ಮತ್ತು ಸಂಗಡಿಗರು 1997–98ರಲ್ಲಿ ಅಲ್ಲಿ ಜನಿಸಿದ 482 ಮಕ್ಕಳನ್ನು ಅಧ್ಯಯನಕ್ಕೆ ಸೇರಿಸಿಕೊಂಡು, ಅವರಲ್ಲಿ ಬಹುಪಾಲು ಮಕ್ಕಳ ಹೊಕ್ಕುಳಬಳ್ಳಿಯ ರಕ್ತವನ್ನು ಪರೀಕ್ಷಿಸಿದರು. ಪರೀಕ್ಷೆಗೆ ಒಳಗಾದ ಪ್ರತಿಯೊಂದು ಮಗುವಿನ ರಕ್ತದಲ್ಲಿಯೂ ಡಿ.ಡಿ.ಇ. ಇತ್ತು. ಪ್ರಮಾಣ ಅತ್ಯಲ್ಪ: ಒಂದು ಮಿಲಿಲೀಟರಿಗೆ ಸುಮಾರು 1 ನ್ಯಾನೋಗ್ರಾಂ, ಅಂದರೆ ಒಂದು ಗ್ರಾಮಿನ ನೂರು ಕೋಟಿಯ ಒಂದು ಪಾಲು. ಇನ್ನೂ ಮೊದಲ ಉಸಿರನ್ನೇ ಎಳೆಯದ ಕೂಸಿನ ರಕ್ತದಲ್ಲಿ, ಅದು ಹುಟ್ಟುವುದಕ್ಕೆ ಸುಮಾರು ಎರಡು ದಶಕ ಮೊದಲೇ ಬಳಕೆ ನಿಂತಿದ್ದ ವಸ್ತು ಇತ್ತು.

ಮಕ್ಕಳಿಗೆ ನಾಲ್ಕು ವರ್ಷವಾಗುವವರೆಗೆ ಸಂಶೋಧಕರು ಅವರ ಉಸಿರಾಟವನ್ನು ಗಮನಿಸಿದರು. ಡಿ.ಡಿ.ಇ. ಅತಿ ಕಡಿಮೆ ಇದ್ದ ಕಾಲುಭಾಗ ಮಕ್ಕಳಲ್ಲಿ ಶೇಕಡಾ 9ರಷ್ಟು ಮಂದಿಗೆ ಉಸಿರಾಡುವಾಗ ಎದೆ ಸುಯ್‌ಗುಡುವ ತೊಂದರೆ ಇದ್ದರೆ, ಅತಿ ಹೆಚ್ಚು ಇದ್ದ ಕಾಲುಭಾಗದಲ್ಲಿ ಅದು ಶೇಕಡಾ 19ರಷ್ಟಿತ್ತು. 2005ರಲ್ಲಿ ಇದು ಪ್ರಕಟವಾಯಿತು.

ಒಂದೇ ಅಧ್ಯಯನವನ್ನು ನಂಬಿ ತೀರ್ಮಾನಿಸುವುದು ವೈದ್ಯಧರ್ಮವಲ್ಲ. ಮುಂದೆ ಯುರೋಪಿನ ಹತ್ತು ಅಧ್ಯಯನಗಳ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ತಾಯಿ–ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಲಾಯಿತು. ತಾಯಿಯಲ್ಲಿ ಡಿ.ಡಿ.ಇ. ಹೆಚ್ಚಿದಂತೆ ಮಗುವಿನ ಮೊದಲ ಒಂದೂವರೆ ವರ್ಷದಲ್ಲಿ ಶ್ವಾಸನಾಳದ ಉರಿಯೂತ ಮತ್ತು ಸುಯ್‌ಗುಡುವಿಕೆ ಹೆಚ್ಚುವುದು ಅಲ್ಲಿಯೂ ಕಂಡಿತು. ಆದರೆ ಹೆಚ್ಚಳದ ಪ್ರಮಾಣ ಮೆನೋರ್ಕಾದಲ್ಲಿ ಕಂಡದ್ದಕ್ಕಿಂತ ಬಹಳ ಸಣ್ಣದು. ಇಂದಿಗೂ ಮಲೇರಿಯಾ ತಡೆಗಾಗಿ ಮನೆಗಳಿಗೆ ಡಿ.ಡಿ.ಟಿ. ಸಿಂಪಡಿಸುವ ದಕ್ಷಿಣ ಆಫ್ರಿಕದ ಲಿಂಪೊಪೊ ಪ್ರಾಂತದಲ್ಲಿ 2012–13ರಲ್ಲಿ ಜನಿಸಿದ ಮಕ್ಕಳನ್ನು ಅಭ್ಯಸಿಸಿದಾಗ, ತಾಯಿಯ ರಕ್ತದಲ್ಲಿ ಡಿ.ಡಿ.ಟಿ. ಹೆಚ್ಚಿದ್ದ ಮಕ್ಕಳಲ್ಲಿ ಪಟ್ಟುಹಿಡಿದು ಕಾಡುವ ಜ್ವರ ಹೆಚ್ಚಾಗಿ ಕಂಡುಬಂದಿತು. ಪ್ರಮಾಣ ಬಹಳ ಹೆಚ್ಚಾದರೆ ಏನಾಗುತ್ತದೆ ಎಂಬುದಕ್ಕೆ ತೈವಾನಿನ 1979ರ ದುರಂತ ಸಾಕ್ಷಿ. ಅಲ್ಲಿ ಅಕ್ಕಿತೌಡಿನ ಎಣ್ಣೆಗೆ ಪಿ.ಸಿ.ಬಿ. ಸೇರಿ ಸುಮಾರು ಎರಡು ಸಾವಿರ ಜನರು ವಿಷಬಾಧೆಗೆ ಒಳಗಾದರು. ಆ ಎಣ್ಣೆಯ ಬಳಕೆ ನಿಂತ ಎಷ್ಟೋ ಕಾಲದ ನಂತರ ಅದೇ ತಾಯಂದಿರಿಗೆ ಹುಟ್ಟಿದ ಮಕ್ಕಳಲ್ಲಿಯೂ ಶ್ವಾಸನಾಳದ ಕಾಯಿಲೆಗಳು ಹೆಚ್ಚಾಗಿದ್ದವು.

ಹೀಗೆ ಬೇರೆ ಬೇರೆ ದೇಶಗಳ ಸಾಕ್ಷ್ಯಗಳು ಒಂದೇ ದಿಕ್ಕಿಗೆ ಕೈ ತೋರಿಸುತ್ತವೆ. ಆದರೂ ಒಂದು ಮಾತನ್ನು ಮರೆಯಬಾರದು. ನಿಮ್ಮ ಮಗುವಿನ ಉಬ್ಬಸಕ್ಕೆ ಇದೇ ಕಾರಣವೆಂದು ಯಾವ ವೈದ್ಯನೂ ಬೆರಳಿಟ್ಟು ಹೇಳಲಾರ. ಒಲೆಯ ಹೊಗೆ, ಬೀಡಿ ಸಿಗರೇಟಿನ ಹೊಗೆ, ಅವಧಿಗೆ ಮೊದಲಿನ ಹೆರಿಗೆ, ವಂಶಾನುಗತ ಪ್ರಕೃತಿ ಇವೆಲ್ಲವೂ ಕಾರಣಗಳೇ. ಹೊಗೆಯಂತೂ ಇವುಗಳಲ್ಲಿ ಬಹಳ ದೊಡ್ಡದು.

ಗರ್ಭದಲ್ಲಿ ಶ್ವಾಸಕೋಶ ರೂಪುಗೊಳ್ಳುವ ಬಗೆ

ಗರ್ಭ ನಿಂತ ನಾಲ್ಕನೆಯ ವಾರದಲ್ಲಿ, ಎಷ್ಟೋ ತಾಯಂದಿರಿಗೆ ತಾವು ಗರ್ಭಿಣಿಯರೆಂಬುದೇ ಖಚಿತವಾಗದ ಹೊತ್ತಿಗೆ, ಶಿಶುವಿನ ಶ್ವಾಸಕೋಶ ಒಂದು ಸಣ್ಣ ಮೊಗ್ಗಿನಂತೆ ಮೂಡುತ್ತದೆ. ಅದು ಮರದ ಕೊಂಬೆಯಂತೆ ಕವಲೊಡೆಯುತ್ತ ಹದಿನಾರು–ಹದಿನೇಳನೆಯ ವಾರದ ವೇಳೆಗೆ ಉಸಿರು ಹರಿಯುವ ಮುಖ್ಯ ನಾಳಗಳೆಲ್ಲ ಕವಲೊಡೆದು ಮುಗಿದಿರುತ್ತವೆ. ಆ ಕವಲುಗಳ ಸಂಖ್ಯೆ ಮುಂದೆ ಆಯುಷ್ಯಪೂರ್ತಿ ಹೆಚ್ಚುವುದಿಲ್ಲ, ಗಾತ್ರ ಮಾತ್ರ ಬೆಳೆಯುತ್ತದೆ. ಗಾಳಿಗೂಡುಗಳು ಕೊನೆಯ ತಿಂಗಳುಗಳಲ್ಲಿ ಮೂಡಲಾರಂಭಿಸಿ, ಜನನಾನಂತರ ಮೊದಲ ಎರಡು ಮೂರು ವರ್ಷಗಳಲ್ಲಿ ಅತಿವೇಗವಾಗಿ ಹೆಚ್ಚುತ್ತವೆ. ಹುಟ್ಟಿದಾಗ ಕೆಲವು ಕೋಟಿಯಷ್ಟಿರುವ ಈ ಗೂಡುಗಳು ವಯಸ್ಕರಲ್ಲಿ 30 ಕೋಟಿಯನ್ನೂ ಮೀರುತ್ತವೆ.

ಮನೆ ಕಟ್ಟುವಾಗ ಅಡಿಪಾಯದಲ್ಲಿ ಆದ ಲೋಪವನ್ನು ಸುಣ್ಣ ಬಳಿದು ತಿದ್ದಲಾಗದು. ಗರ್ಭಕಾಲದಲ್ಲಿ ಕೊಬ್ಬಿನಲ್ಲಿ ಕರಗುವ ರಾಸಾಯನಿಕಗಳು ಮಾಸುಚೀಲದ ಮೂಲಕ ಶಿಶುವನ್ನು ತಲುಪುತ್ತವೆ. ಅವು ಎರಡು ದಾರಿಗಳಿಂದ ಹಾನಿ ಮಾಡಬಹುದೆಂದು ವಿಜ್ಞಾನಿಗಳು ತಿಳಿಯುತ್ತಾರೆ. ಒಂದು, ಶ್ವಾಸಕೋಶದ ಬೆಳವಣಿಗೆಗೆ ಸಂಜ್ಞೆ ನೀಡುವ ಹಾರ್ಮೋನುಗಳ ಕೆಲಸದಲ್ಲಿ ಅಡ್ಡಬರುವುದು, ಡಿ.ಡಿ.ಇ. ಗಂಡುಹಾರ್ಮೋನಿನ ಕ್ರಿಯೆಯನ್ನು ತಡೆಯುತ್ತದೆಂಬುದು ಪ್ರಯೋಗಗಳಲ್ಲಿ ಸಿದ್ಧವಾಗಿದೆ. ಇನ್ನೊಂದು, ರೋಗನಿರೋಧಕ ಶಕ್ತಿ ರೂಪುಗೊಳ್ಳುವಾಗ ಅದರ ಹದ ಕೆಡಿಸುವುದು. ಉತ್ತರ ಅಟ್ಲಾಂಟಿಕ್‌ನ ಫೆರೋ ದ್ವೀಪಗಳಲ್ಲಿ, ಅಂಟದ ಬಾಣಲೆಗಳ ಲೇಪನ ಮೊದಲಾದವುಗಳ ತಯಾರಿಕೆಯಲ್ಲಿ ಬಳಸುವ ಬೇರೊಂದು ಬಗೆಯ ಕಳೆಯದ ರಾಸಾಯನಿಕಗಳ ಕುರಿತು ಅಧ್ಯಯನ ನಡೆದು, 2012ರಲ್ಲಿ ಪ್ರಕಟವಾಯಿತು. ತಾಯಿಯಲ್ಲಿ ಅವು ಹೆಚ್ಚಿದ್ದಾಗ, ಮಗುವಿಗೆ ಹಾಕಿಸಿದ ಗಂಟಲುಮಾರಿ ಲಸಿಕೆಯಿಂದ ಹುಟ್ಟಬೇಕಾದ ರಕ್ಷಕ ಶಕ್ತಿ ಐದನೆಯ ವಯಸ್ಸಿನಲ್ಲಿ ಕಡಿಮೆ ಇತ್ತು. ನಿರೋಧಕ ಶಕ್ತಿ ಕುಂದಿದ ಮಗುವಿಗೆ ಸಾಮಾನ್ಯ ಶೀತವೂ ಎದೆಗಿಳಿಯುವುದು ಸುಲಭ.

ಗರ್ಭಿಣಿಯನ್ನು, ಅಂಚಿನವರೆಗೆ ಎಣ್ಣೆ ತುಂಬಿದ ಪಾತ್ರೆಯನ್ನು ತುಳುಕದಂತೆ ಒಯ್ಯುವ ಎಚ್ಚರದಿಂದ ನೋಡಿಕೊಳ್ಳಬೇಕೆಂದು ಚರಕಸಂಹಿತೆ ಹೇಳುತ್ತದೆ. ಪಾತ್ರೆಯನ್ನು ಹೊತ್ತವಳೊಬ್ಬಳೇ ಎಚ್ಚರದಿಂದಿದ್ದರೆ ಸಾಲದು. ದಾರಿಯಲ್ಲಿ ಎದುರಾಗುವವರೆಲ್ಲ ಪಕ್ಕಕ್ಕೆ ಸರಿಯಬೇಕು. ಆ ದಾರಿ ಆಕೆ ಬೆಳೆದ ಮನೆಯಿಂದಲೇ ಆರಂಭವಾಗುತ್ತದೆ.

ಜಾತ್ರೆಯ ಶಿಬಿರಕ್ಕೆ ಬಂದ ತಾಯಿ

ಕೆಲವು ವರ್ಷಗಳ ಹಿಂದೆ ಜಾತ್ರೆಯ ಆರೋಗ್ಯ ತಪಾಸಣಾ ಶಿಬಿರಕ್ಕೆ ತರುಣಿಯೊಬ್ಬಳು ಎರಡು ತಿಂಗಳ ಕೂಸನ್ನು ಎತ್ತಿಕೊಂಡು ಬಂದಿದ್ದಳು. ಕೂಸಿಗೆ ಭೇದಿ ಹತ್ತಿ ಕಣ್ಣು ಗುಳಿ ಬಿದ್ದಿದ್ದವು. ಏನು ಕುಡಿಸುತ್ತೀ ಎಂದು ಕೇಳಿದಾಗ ಚೀಲದಿಂದ ಬಾಟಲಿ ತೆಗೆದು ತೋರಿಸಿದಳು. ಎದೆಹಾಲು ಚೆನ್ನಾಗಿಯೇ ಇತ್ತು. ಆದರೆ ತಾಯಿಯ ಹಾಲಿನಲ್ಲಿ ಕೀಟನಾಶಕ ಇರುತ್ತದೆ ಎಂಬ ಸಂದೇಶ ಫೋನಿನಲ್ಲಿ ಬಂದಿತ್ತಂತೆ. “ನನ್ನ ಕೂಸಿಗೆ ನಾನs ವಿಷಾ ಕುಡಸಲೇನ್ರಿ ಡಾಕ್ಟರ್?” ಎಂದು ಅತ್ತಳು. ಹದಿನೈದು ದಿನಗಳಿಂದ ಆಕೆ ಹಾಲು ಹಿಂಡಿ ಚೆಲ್ಲುತ್ತಿದ್ದಳು.

ಸಂದೇಶದಲ್ಲಿದ್ದುದು ಸುಳ್ಳಾಗಿರಲಿಲ್ಲ. ಅರ್ಧ ಸತ್ಯವಾಗಿತ್ತು. ಮೇದಸ್ಸಿನಲ್ಲಿ ಉಳಿದ ರಾಸಾಯನಿಕ ಹಾಲಿನ ಕೊಬ್ಬಿಗೂ ಬರುತ್ತದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಉಳಿದ ಅರ್ಧ ಸತ್ಯ ಅದೇ ಮೆನೋರ್ಕಾ ಅಧ್ಯಯನದಲ್ಲಿಯೇ ಇದೆ. ಎದೆಹಾಲು ಕುಡಿದ ಮಕ್ಕಳಲ್ಲಿ ಉಬ್ಬಸ ಮತ್ತು ಸುಯ್‌ಗುಡುವಿಕೆ ಕಡಿಮೆ ಇದ್ದವು. ಹುಟ್ಟುವಾಗ ಡಿ.ಡಿ.ಇ. ಕಡಿಮೆ ಇದ್ದ ಮಕ್ಕಳಿಗೂ, ಹೆಚ್ಚು ಇದ್ದ ಮಕ್ಕಳಿಗೂ ಎದೆಹಾಲು ರಕ್ಷಣೆ ನೀಡಿತ್ತು. ಅದರಲ್ಲಿರುವ ರೋಗನಿರೋಧಕ ಅಂಶಗಳ ಬಲ ಅದರೊಡನೆ ಬರುವ ವಿಷದ ಬಲವನ್ನು ಮೀರಿಸುತ್ತದೆ. ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಅನಂತರ ಮೇಲಾಹಾರದೊಡನೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಲ್ಲಿ ಈ ಕಾರಣಕ್ಕಾಗಿ ಯಾವ ಬದಲಾವಣೆಯೂ ಆಗಿಲ್ಲ.

ಕೂಸನ್ನು ಒಡನೆಯೇ ತಾಲ್ಲೂಕು ಆಸ್ಪತ್ರೆಗೆ ಕಳಿಸಿದೆವು. ಚೇತರಿಸಿಕೊಂಡ ಮೇಲೆ ತಾಯಿ ಮತ್ತೆ ಎದೆಗೆ ಹಚ್ಚಿದಳು. ಬತ್ತುತ್ತಿದ್ದ ಹಾಲು ವಾರ ಹತ್ತು ದಿನಗಳಲ್ಲಿ ಮರಳಿತು. ಈ ಲೇಖನದಿಂದ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಬೇಕೆಂದು ಕೇಳಿಕೊಳ್ಳುತ್ತೇನೆ: ರಾಸಾಯನಿಕದ ಭಯದಿಂದ ಎದೆಹಾಲು ನಿಲ್ಲಿಸಬೇಡಿ.

ನಾನು ಹೇಳದೆ ಉಳಿದ ಮಾತು

ನನ್ನದೂ ಒಂದು ತಪ್ಪಿದೆ. 1980ರ ದಶಕದಲ್ಲಿ ಹೊಸದಾಗಿ ವೈದ್ಯವೃತ್ತಿ ಆರಂಭಿಸಿದ್ದೆ. ಬಾಣಂತಿಯರನ್ನು ನೋಡಲು ಮನೆಗಳಿಗೆ ಹೋದಾಗ, ಮಂಚದ ನಾಲ್ಕೂ ಕಾಲುಗಳ ಸುತ್ತ ಇರುವೆ ಬರದಂತೆ ಗಮಾಕ್ಸಿನ್ ಪುಡಿಯ ಗೆರೆ ಎಳೆದಿರುತ್ತಿದ್ದರು. ಜೋಳದ ಹಗೇವಿಗೂ, ಕಡಲೆಯ ಚೀಲಕ್ಕೂ ಅದೇ ಪುಡಿ. ತಲೆಯಲ್ಲಿ ಹೇನಾದರೆ ಬಾಲಕಿಯರ ಕೂದಲಿಗೂ ಅದನ್ನೇ ಹಚ್ಚಿ ಬಟ್ಟೆ ಕಟ್ಟುತ್ತಿದ್ದರು. ಘಾಟು ವಾಸನೆ ನನ್ನ ಮೂಗಿಗೆ ಬಡಿಯುತ್ತಿತ್ತು. ನಾಡಿ ನೋಡಿ, ಕಷಾಯ ಬರೆದುಕೊಟ್ಟು, ಆ ಗೆರೆಯನ್ನು ದಾಟಿ ಹೊರಬರುತ್ತಿದ್ದೆ. ಒಂದು ಮಾತನ್ನೂ ಆಡಲಿಲ್ಲ. ದೂಷೀವಿಷದ ಪ್ರಕರಣ ಬಾಯಿಪಾಠವಿದ್ದವನಿಗೆ ಅದು ಕಣ್ಣ ಮುಂದೆಯೇ ಕಾಣಲಿಲ್ಲ.

ಆ ಮನೆಗಳ ಕೆಲವು ಮಕ್ಕಳು ಮುಂದೆ ದಮ್ಮಿನಿಂದ ಬಳಲಿ ನನ್ನ ಬಳಿಗೇ ಬಂದರು. ಆ ಪುಡಿಯಿಂದಲೇ ಹಾಗಾಯಿತೆಂದು ಹೇಳಲು ನನ್ನಲ್ಲಿ ಆಧಾರವಿಲ್ಲ. ಆಗಲಿಲ್ಲವೆಂದು ಹೇಳಲೂ ಇಲ್ಲ. ಆಗ ಕೂದಲಿಗೆ ಪುಡಿ ಹಚ್ಚಿಸಿಕೊಂಡ ಬಾಲಕಿಯರು ತಾಯಂದಿರಾದರು. ಅವರ ಹೆಣ್ಣುಮಕ್ಕಳು ಇಂದು ಗರ್ಭಿಣಿಯರು. ಅಂದು ಆಡಬೇಕಾಗಿದ್ದ ಮಾತನ್ನು ಇಂದಾದರೂ ಆಡಬೇಕೆಂದು ಇಷ್ಟು ಬರೆದೆ.

ಮನೆಯಲ್ಲಿ ಪಾಲಿಸಬೇಕಾದ ಕ್ರಮಗಳು

1. ಅಟ್ಟ, ಕೊಟ್ಟಿಗೆ, ಹೊಲದ ಮನೆಯಲ್ಲಿ ಹಳೆಯ ಕೀಟನಾಶಕದ ಪುಡಿಯ ಪೊಟ್ಟಣ, ಡಬ್ಬಿಗಳಿವೆಯೇ ನೋಡಿ. ಇದ್ದರೆ ಸುಡಬೇಡಿ, ಹೂಳಬೇಡಿ, ಹಳ್ಳಕ್ಕೆ ಚೆಲ್ಲಬೇಡಿ. ಮಕ್ಕಳಿಗೂ ಗರ್ಭಿಣಿಯರಿಗೂ ಸಿಗದಂತೆ ಬೇರೆಯಾಗಿ ಕಟ್ಟಿಟ್ಟು, ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಲೇವಾರಿಯ ಬಗ್ಗೆ ವಿಚಾರಿಸಿ.

2. ಔಷಧಿಯ ಡಬ್ಬಿಯನ್ನು ಎಷ್ಟೇ ತೊಳೆದರೂ ನೀರಿಗೆ, ಎಣ್ಣೆಗೆ, ಕಾಳಿಗೆ ಬಳಸಬೇಡಿ.

3. ಮನೆಯ ಬಳಕೆಯ ಕಾಳಿಗೆ ಯಾವ ಕೀಟನಾಶಕ ಪುಡಿಯನ್ನೂ ಬೆರೆಸಬೇಡಿ. ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಒಣ ಬೇವಿನ ಎಲೆಯೊಡನೆ ಗಾಳಿಯಾಡದ ಡಬ್ಬಿಯಲ್ಲಿಡುವ ಹಿರಿಯರ ಪದ್ಧತಿ ಸಾಕು.

4. ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ಕೀಟನಾಶಕ ಕಲಸುವ, ಸಿಂಪಡಿಸುವ ಕೆಲಸದಿಂದ ದೂರವಿರಲಿ. ಸಿಂಪಡಿಸಿ ಬಂದವರು ಅಂಗಳದಲ್ಲಿಯೇ ಬಟ್ಟೆ ಬದಲಿಸಿ ಸ್ನಾನ ಮಾಡಿ ಒಳಬರಲಿ. ಆ ಬಟ್ಟೆಯನ್ನು ಅವರೇ ಬೇರೆಯಾಗಿ ಒಗೆದುಕೊಳ್ಳಲಿ. ಬಸಿರ ಹೆಂಗಸಿನ ಕೈಗೆ ಅದನ್ನು ಕೊಡುವುದು ವಿಷವನ್ನೇ ಕೊಟ್ಟಂತೆ.

5. ಪ್ಲಾಸ್ಟಿಕ್, ಹಳೆಯ ಪೈಪು, ವಯರು, ಟೈರುಗಳನ್ನು ಹಿತ್ತಲಲ್ಲಿ ಅಥವಾ ಹೊಲದ ಬದುವಿನಲ್ಲಿ ಸುಡಬೇಡಿ. ಅದರ ಹೊಗೆ ಮತ್ತು ಬೂದಿಯಲ್ಲಿರುವ ಡಯಾಕ್ಸಿನ್ ಮೇವಿನ ಮೂಲಕ ಹಾಲಿಗೆ ಮರಳಿ ಬರುತ್ತದೆ.

6. ಮಲೇರಿಯಾ ಇರುವ ಕಡೆ ಆರೋಗ್ಯ ಇಲಾಖೆಯವರು ಸಿಂಪಡಿಸಲು ಬಂದರೆ ತಡೆಯಬೇಡಿ. ಗರ್ಭಿಣಿಗೆ ಮಲೇರಿಯಾ ಬಂದರೆ ತಾಯಿ ಮಗು ಇಬ್ಬರಿಗೂ ಪ್ರಾಣಾಪಾಯ. ಆದರೆ ಆಹಾರ, ನೀರು, ಹಾಸಿಗೆಗಳನ್ನು ಹೊರಗಿಡಿ. ಗೋಡೆ ಪೂರ್ತಿ ಒಣಗಿ ನೆಲ ಗುಡಿಸುವವರೆಗೆ ಗರ್ಭಿಣಿಯರೂ ಮಕ್ಕಳೂ ಒಳಹೋಗದಿರಲಿ. ಸೊಳ್ಳೆಪರದೆಯನ್ನು ತಪ್ಪದೆ ಬಳಸಿ.

7. ಗರ್ಭಿಣಿಯರು ಕಠಿಣ ಉಪವಾಸ ಕೈಗೊಳ್ಳಬಾರದು. ದೇಹದ ಕೊಬ್ಬು ವೇಗವಾಗಿ ಕರಗಿದಾಗ ಅದರಲ್ಲಿ ಅಡಗಿದ ರಾಸಾಯನಿಕವೂ ರಕ್ತಕ್ಕೆ ಬಿಡುಗಡೆಯಾಗುತ್ತದೆ. ವ್ರತವಿದ್ದರೆ ಮನೆಯ ಇತರರು ಆಚರಿಸಲಿ. ಹಾಲು, ಬೇಳೆ, ಸೊಪ್ಪು, ತೊಳೆದ ಹಣ್ಣು ಸೇರಿದ ಹಿತಮಿತ ಆಹಾರ ತಪ್ಪದಿರಲಿ.

8. ಅಡುಗೆಮನೆಯಲ್ಲಿ ಹೊಗೆ ನಿಲ್ಲದಿರಲಿ. ಮನೆಯೊಳಗೆ ಬೀಡಿ ಸಿಗರೇಟು ಸೇದುವವರು ಯಾರೇ ಆಗಿರಲಿ, ಹಿರಿಯರೇ ಆಗಿರಲಿ, ಹೊರಗೆ ಕಳಿಸಿ. ಮಕ್ಕಳ ಲಸಿಕೆಗಳನ್ನು ಕಾಲಕ್ಕೆ ಸರಿಯಾಗಿ ಹಾಕಿಸಿ.

ಚಿಕಿತ್ಸೆಯ ಬಗ್ಗೆ ಎರಡು ಮಾತು

ದೂಷೀವಿಷದ ಹೆಸರು ಕೇಳಿದ ಕೂಡಲೇ ಕೆಲವರು ಅದನ್ನು ತೊಳೆದುಹಾಕುವ ಔಷಧ ಕೇಳುತ್ತಾರೆ. ‘ಶರೀರಶುದ್ಧಿ’ಯ ಹೆಸರಿನಲ್ಲಿ ಪುಡಿ, ಗುಳಿಗೆಗಳನ್ನು ಮಾರುವವರೂ ಇದ್ದಾರೆ. ಗರ್ಭಿಣಿಯ ಮೇದಸ್ಸಿನಿಂದ ಡಿ.ಡಿ.ಇ.ಯನ್ನು ಸುರಕ್ಷಿತವಾಗಿ ಹೊರತೆಗೆಯುತ್ತದೆಂದು ಸಿದ್ಧವಾದ ಔಷಧ ಆಯುರ್ವೇದದಲ್ಲಿಯೂ ಇಲ್ಲ, ಅಲೋಪತಿಯಲ್ಲಿಯೂ ಇಲ್ಲ. ಗರ್ಭಿಣಿಗೆ ವಮನ ವಿರೇಚನಗಳನ್ನು ನಮ್ಮ ಶಾಸ್ತ್ರವೇ ಸಾಮಾನ್ಯವಾಗಿ ನಿಷೇಧಿಸಿದೆ. ಲೋಹ, ಪಾಷಾಣಗಳು ಸೇರಿದ ಔಷಧಗಳನ್ನು ಸ್ವಂತ ತೀರ್ಮಾನದಿಂದ ತೆಗೆದುಕೊಂಡರೆ ಒಂದು ವಿಷ ಕಳೆಯಲು ಹೋಗಿ ಇನ್ನೊಂದನ್ನು ಸೇರಿಸಿದಂತಾದೀತು. ದೂಷೀವಿಷಕ್ಕೆ ಇರುವ ನಿಜವಾದ ಚಿಕಿತ್ಸೆ ಹೊಸ ವಿಷ ಸೇರದಂತೆ ನೋಡಿಕೊಳ್ಳುವುದೇ. ಬಳಕೆ ನಿಂತ ದೇಶಗಳಲ್ಲಿ ತಾಯಂದಿರ ಹಾಲಿನಲ್ಲಿ ಡಿ.ಡಿ.ಟಿ.ಯ ಪ್ರಮಾಣ ದಶಕದಿಂದ ದಶಕಕ್ಕೆ ಇಳಿಯುತ್ತ ಬಂದಿದೆ. ಇದು ಕಾಲ ತೆಗೆದುಕೊಳ್ಳುವ ಚಿಕಿತ್ಸೆ, ಆದರೆ ಫಲ ಕೊಡುವ ಚಿಕಿತ್ಸೆ.

ಮಗುವಿಗೆ ಉಬ್ಬಸವಿದ್ದು ವೈದ್ಯರು ಇನ್‌ಹೇಲರ್ ಕೊಟ್ಟಿದ್ದರೆ ಅದನ್ನು ನನ್ನ ಮಾತಿನಿಂದಾಗಲಿ, ಬೇರೆ ಯಾರ ಮಾತಿನಿಂದಾಗಲಿ ನಿಲ್ಲಿಸಬೇಡಿ. ಮಗು ಅಳದೆ ಶಾಂತವಾಗಿರುವಾಗ ಒಂದು ಪೂರ್ಣ ನಿಮಿಷ ಉಸಿರು ಎಣಿಸುವುದನ್ನು ಪ್ರತಿ ಮನೆಯವರೂ ಕಲಿಯಬೇಕು. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಉಸಿರುಗಳಿದ್ದರೆ ಅಂದೇ ವೈದ್ಯರಿಗೆ ತೋರಿಸಿ. ಉಸಿರೆಳೆದಾಗ ಪಕ್ಕೆ ಒಳಗೆ ಸೆಳೆದರೆ, ತುಟಿ ನೀಲಿಯಾದರೆ, ಕೂಸು ಹಾಲು ಕುಡಿಯಲಾರದಾದರೆ ಕಷಾಯ ಕಾಸುತ್ತ ಕೂಡಬೇಡಿ, ಒಡನೆ ಆಸ್ಪತ್ರೆಗೆ ಹೊರಡಿ.

ನನ್ನ ಅಕ್ಕ ಒರಗಿ ಕುಳಿತಿದ್ದ ಆ ಗೋಡೆ ಬಿದ್ದುಹೋಗಿ, ಅಲ್ಲಿ ಈಗ ಅವಳ ಮೊಮ್ಮಗ ಕಟ್ಟಿಸಿದ ಸಿಮೆಂಟಿನ ಮನೆ ಇದೆ. ಹೋದ ವರ್ಷ ಅಲ್ಲಿಗೆ ಹೋದಾಗ ಹೊಸ ಸೊಸೆ ಗರ್ಭಿಣಿಯಾಗಿದ್ದಳು. ಹಿತ್ತಲ ಮೂಲೆಯಲ್ಲಿ, ಹೆಸರು ಅಳಿಸಿಹೋದ ಒಂದು ಹಳೆಯ ತಗಡಿನ ಡಬ್ಬಿ ಕಂಡಿತು. ಅದರಲ್ಲಿ ದನಗಳಿಗೆ ಹಿಂಡಿ ಅಳೆಯುತ್ತಿದ್ದರು. ಈ ಸಲ ನಾನು ಸುಮ್ಮನೆ ದಾಟಿ ಬರಲಿಲ್ಲ. ನಿಮ್ಮ ನಿಮ್ಮ ಹಿತ್ತಲುಗಳನ್ನೂ ಒಮ್ಮೆ ನೋಡಿರೆಂದು ವಿನಂತಿಸುತ್ತ, ಎಲ್ಲರ ಮನೆಗಳಲ್ಲಿಯೂ ಹುಟ್ಟುವ ಕೂಸುಗಳು ನೆಮ್ಮದಿಯಿಂದ ಉಸಿರಾಡಲಿ ಎಂದು ಹಾರೈಸುತ್ತೇನೆ.